ಹಲಾಲ್ ಮುದ್ರೆಗೂ ಲೆಕ್ಕಪತ್ರ ಬೇಕು

ಯುಗಾದಿಗೆ ಶಿವಮೊಗ್ಗಕ್ಕೆ ಬಂದಾಗಲೆಲ್ಲ ಭಾವನದು ಒಂದೇ ಪ್ರಶ್ನೆ: ‘ಬಿಸ್ಕತ್ತಿಗೂ ಹಲಾಲ್ ಯಾಕೆ ಮಾರಾಯ? ಅದರಲ್ಲಿ ಕುಯ್ಯೋದು ಏನಿದೆ?’ 2022ರ ಯುಗಾದಿ ಹೊತ್ತಿಗೆ ರಾಜ್ಯದಲ್ಲಿ ಹಲಾಲ್ ಮಾಂಸ ಬಹಿಷ್ಕಾರದ ಕರೆ ಎದ್ದ ಮೇಲಂತೂ ಪ್ರಶ್ನೆಯ ದನಿ ಗಡುಸಾಗಿದೆ. ಚೆನ್ನೈ ಹೊರವಲಯದ ಬಿಸ್ಕತ್ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುವ ನನಗೆ ಇದು ದಿನನಿತ್ಯದ ಕೆಲಸ. ನಮ್ಮ ಮಾಲು ಕೊಲ್ಲಿ ದೇಶಗಳಿಗೂ ಮಲೇಷ್ಯಾಕ್ಕೂ ಹೋಗುತ್ತದೆ.

ಪ್ರಾಣಿಯನ್ನು ಕುಯ್ಯುವ ಕ್ರಮ ಹಲಾಲ್‌ನ ಒಂದು ಭಾಗ ಮಾತ್ರ. ಬಿಸ್ಕತ್ತಿನಲ್ಲಿ ನೋಡುವುದು ಪದಾರ್ಥದ ಮೂಲ. ಎಣ್ಣೆ, ನೀರು ಹೊಂದಿಕೊಳ್ಳಲು ಹಾಕುವ ಇ471 ತಾಳೆ ಎಣ್ಣೆಯದ್ದೂ ಆಗಬಹುದು, ಪ್ರಾಣಿಯ ಕೊಬ್ಬಿನದ್ದೂ ಆಗಬಹುದು. ವೆನಿಲಾ ಎಸೆನ್ಸ್ ಮದ್ಯಸಾರದಲ್ಲಿ ಕರಗಿಸಿದ್ದೇ? ಬೆಣ್ಣೆ ಸವರುವ ಬ್ರಷ್ ಹಂದಿ ಕೂದಲಿನದೇ? ತಪಾಸಣೆಗೆ ಬರುವವರಲ್ಲಿ ಆಹಾರ ತಂತ್ರಜ್ಞರೂ ಇರುತ್ತಾರೆ, ಧರ್ಮಶಾಸ್ತ್ರ ಬಲ್ಲವರೂ ಇರುತ್ತಾರೆ. ಪೂರೈಕೆದಾರರ ಕಾಗದಪತ್ರ, ಗೋದಾಮು, ಯಂತ್ರ ತೊಳೆಯುವ ವಿಧಾನ ಎಲ್ಲವನ್ನೂ ನೋಡುತ್ತಾರೆ. ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ನಡುವೆ ಒಂದು ಪದಾರ್ಥ ಬದಲಾದರೂ ತಿಳಿಸಬೇಕು.

ಕಷ್ಟ ಇರುವುದು ಇಲ್ಲೇ. ಹೋದ ವರ್ಷ ನಮ್ಮ ಖರೀದಿ ವಿಭಾಗ ಕಡಿಮೆ ಬೆಲೆಗೆ ಸಿಕ್ಕಿತೆಂದು ಬೇರೆಯವರಿಂದ ಇ471 ತರಿಸಿತು. ಅದರ ಮೂಲದ ಪತ್ರ ಬಂದಿರಲಿಲ್ಲ. ಕಂಟೇನರ್ ಸಿದ್ಧವಿತ್ತು. ‘ಸಹಿ ಹಾಕಿ ಸಾರ್, ಯಾರು ನೋಡ್ತಾರೆ?’ ಎಂದರು. ನಾನು ಹಾಕಲಿಲ್ಲ. ಎಂಟು ದಿನ ಎಲ್ಲರ ಮುಖ ದಪ್ಪ. ಕೊನೆಗೆ ಬಂದ ಪತ್ರದಲ್ಲಿ ತಾಳೆ ಎಂದೇ ಇತ್ತು. ಆದರೆ ಆ ಎಂಟು ದಿನ ನನಗೂ ಅದು ಗೊತ್ತಿರಲಿಲ್ಲ.

2001ರಲ್ಲಿ ಇಂಡೋನೇಷ್ಯಾದಲ್ಲಿ ಇಂಥದ್ದೇ ಬದಲಾವಣೆ ದೊಡ್ಡ ರಾದ್ಧಾಂತವಾಯಿತು. ಅಜಿನೊಮೊಟೊ ತಯಾರಿಕೆಗೆ ಬೇಕಾದ ಬ್ಯಾಕ್ಟೀರಿಯಾಗಳ ಆಹಾರಕ್ಕೆ ಹಂದಿಯಿಂದ ತೆಗೆದ ಕಿಣ್ವ ಬಳಸಿದ್ದು ಬಯಲಾಗಿ, ಮಾರುಕಟ್ಟೆಯಿಂದ ಮಾಲನ್ನೇ ಹಿಂದಕ್ಕೆ ಕರೆಸಬೇಕಾಯಿತು.

ಮಲೇಷ್ಯಾದಲ್ಲಿ ಹಲಾಲ್ ಮುದ್ರೆ ಕೊಡುವುದು ಜಾಕಿಮ್ ಎಂಬ ಸರ್ಕಾರಿ ಇಲಾಖೆ. ಇಂಡೋನೇಷ್ಯಾ 2014ರಲ್ಲಿ ಕಾನೂನನ್ನೇ ಮಾಡಿತು. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ ನೋಡುವುದು ಆಹಾರ ಸುರಕ್ಷತೆಯನ್ನು. ಹಲಾಲ್ ಪತ್ರ ಕೊಡುವುದು ಖಾಸಗಿ ಸಂಸ್ಥೆಗಳು, ಟ್ರಸ್ಟ್‌ಗಳು. ರಫ್ತಾಗುವ ಮಾಂಸಕ್ಕೆ ಮಾತ್ರ 2023ರಲ್ಲಿ ಕೇಂದ್ರ ಮಾರ್ಗಸೂಚಿ ತಂದು, ಪತ್ರ ಕೊಡುವ ಸಂಸ್ಥೆಗಳಿಗೂ ಮಾನ್ಯತೆ ಇರಬೇಕೆಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಉತ್ತರ ಪ್ರದೇಶ ಸರ್ಕಾರ ಹಲಾಲ್ ಮುದ್ರೆಯ ವಸ್ತುಗಳ ಮಾರಾಟ ನಿಷೇಧಿಸಿತು, ರಫ್ತಿಗೆ ವಿನಾಯಿತಿ ಕೊಟ್ಟು. ಹೊರದೇಶದ ಗ್ರಾಹಕನಿಗೆ ಖಾತರಿ, ಊರಿನ ಗ್ರಾಹಕನಿಗೆ ನಿಷೇಧ. ಇದು ಯಾವ ನ್ಯಾಯ?

ಹಾಗೆಂದು ಭಾವನ ಅನುಮಾನವನ್ನು ತಳ್ಳಿಹಾಕಲಾರೆ. ಪತ್ರ ಕೊಡುವವರ ಅರ್ಹತೆ ಏನು, ಶುಲ್ಕ ಎಷ್ಟು, ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ತಪ್ಪಲ್ಲ. ಅದಕ್ಕೆ ಉತ್ತರ ನಿಷೇಧವಲ್ಲ, ಲೆಕ್ಕಪತ್ರ. ಒಳನಾಡಿನ ಮಾರುಕಟ್ಟೆಯಲ್ಲೂ ಪ್ರಮಾಣೀಕರಿಸುವ ಸಂಸ್ಥೆಗೆ ಮಾನ್ಯತೆ ಕಡ್ಡಾಯವಾಗಲಿ. ಶುಲ್ಕಪಟ್ಟಿ ಬಹಿರಂಗವಾಗಲಿ. ಪತ್ರದ ಸಂಖ್ಯೆ ಒತ್ತಿದರೆ ಯಾರಿಗೂ ವಿವರ ಸಿಗಲಿ. ಮುನ್ಸೂಚನೆ ಇಲ್ಲದ ತಪಾಸಣೆ ನಡೆಯಲಿ.

ಇದು ಮುಸ್ಲಿಮರ ಕೆಲಸ ಮಾತ್ರವಲ್ಲ. ನನ್ನ ಅಮ್ಮ ಹಸಿರು ಚುಕ್ಕೆ ನೋಡದೆ ಬಿಸ್ಕತ್ ಮುಟ್ಟುವುದಿಲ್ಲ. ಗೋರಕ್ಷಣೆಯ ಟ್ರಸ್ಟ್ ಒಂದರ ಅರ್ಜಿಯ ಮೇಲೆ 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಇದನ್ನೇ: ಪದಾರ್ಥ ಎಷ್ಟೇ ಅತ್ಯಲ್ಪವಿದ್ದರೂ ಅದು ಸಸ್ಯಮೂಲವೋ ಪ್ರಾಣಿಮೂಲವೋ ತಿಳಿಸಬೇಕು. ನಾನು ಎಂಟು ದಿನ ಕಾದ ಆ ಒಂದು ಪತ್ರವೇ ಅಮ್ಮನ ಹಸಿರು ಚುಕ್ಕೆಗೂ ಆಧಾರ. ಈ ಸಲ ಊರಿಗೆ ಬಂದಾಗ ಭಾವನಿಗೆ ಅದರ ಪ್ರತಿಯನ್ನೇ ತೋರಿಸುತ್ತೇನೆ.