ಹಳೇ ಟ್ರ್ಯಾಕ್ಟರು 6ರದಾ, 12ರದಾ? ಲಾರಿ ವಯರ್ ಹಚ್ಚೋ ಮೊದಲು ನೋಡ್ಕೊಳ್ಳಿ

ಹೋದ ಮುಂಗಾರಿನಲ್ಲಿ ನಾನು ಮಾಡ್ಕೊಂಡ ಎಡವಟ್ಟು ಬರೀತಿದೀನಿ. ಬೈದ್ರೂ ಪರವಾಗಿಲ್ಲ, ಪೂರ್ತಿ ಓದಿ.

ಕಡಲೆಕಾಯಿ ಬಿತ್ತೋ ಹದ. ನಸುಕಿನಲ್ಲಿ ಲೈಟ್ ಹಾಕ್ಕೊಂಡು ಹೊರಟ್ರೆ ಸೆಲ್ಫ್ ಅರ್ಧ ಸುತ್ತು ತಿರುಗಿ ಟಕ್ ಅಂತ ನಿಂತ್ಕೊಳ್ತು. ರಸ್ತೇಲಿ ಪರಿಚಯದವರ ಲಾರಿ ಇತ್ತು. "ಅಣ್ಣಾ, ಒಂದು ಜಂಪ್ ಕೊಡು" ಅಂದೆ. ವಯರ್ ಹಚ್ಚಿದೆ, ಸೆಲ್ಫ್ ಗಿರ್ರನೆ ತಿರುಗ್ತು, ಇಂಜಿನ್ ಹತ್ತಿತು. ಆಮೇಲೆ ನೋಡಿದ್ರೆ ಬಲ್ಬ್ ಎಲ್ಲಾ ಹೋಗಿವೆ, ಆಲ್ಟರ್ನೇಟರ್ ಡಯೋಡೂ ಹೋಗಿದೆ. ಲಾರಿಯಲ್ಲಿ 12ರ ಎರಡು ಬ್ಯಾಟರಿ ಒಂದಕ್ಕೊಂದು ಸೇರಿಸಿ 24 ವೋಲ್ಟ್ ಮಾಡಿದ್ರು. ನಾನು ಎರಡಕ್ಕೂ ಸೇರಿಸಿ ಹಚ್ಚಿದ್ದೆ. ನನ್ನ ಗಾಡಿ 12ರದು.

ಡೀಸೆಲ್ ಗಾಡಿ ಅಲ್ವಾ, ಆಫ್ ಮಾಡದೆ ಓಡಿಸಿದೆ. ಮಧ್ಯಾಹ್ನ ಹೊಲದ ನಡುವೆ ಆಫ್ ಆಯ್ತು. ಬಾಡಿಗೆ ಗಾಡಿ ಸಿಗೋ ಹೊತ್ತಿಗೆ ಮೂರು ದಿನ. ಹದ ಹೋಯ್ತು, ಆ ಒಂದೂವರೆ ಎಕರೆ ಮೊಳಕೆ ಬಂದದ್ದು ಅಲ್ಲೊಂದು ಇಲ್ಲೊಂದು.

ಲಾರಿಯವನದ್ದೇನೂ ತಪ್ಪಿಲ್ಲ. ತಪ್ಪು ನನ್ನದು. ಗಾಡಿ ಕೊಳ್ಳುವಾಗ ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತೆ, ಹೈಡ್ರಾಲಿಕ್ ಎತ್ತುತ್ತಾ, ಟೈರ್ ಎಷ್ಟು ಸವೆದಿದೆ ಅಂತ ಹತ್ತು ಸಲ ಕೇಳಿದ ನಾನು, ಕರೆಂಟ್ ವಿಷಯ ಒಂದು ಮಾತೂ ಕೇಳಲಿಲ್ಲ. ನಮ್ಮಲ್ಲಿ ಯಾರೂ ಕೇಳೋಲ್ಲ. ಮಾರೋರೂ ಹೇಳೋಲ್ಲ. ರಿಪೇರಿ ಮಾಡೋರು ವಯರಿಂಗ್ ಬದಲಾಯಿಸಿದ್ರೆ ಎಲ್ಲೂ ಬರೆದಿಡೋಲ್ಲ. ಇದು ಸರಿಯಲ್ಲ ಅಂತ ನನ್ನ ವಾದ.

ನೋಡೋದು ಕಷ್ಟ ಇಲ್ಲ. ಮುಚ್ಚಳ ಇರೋ ಬ್ಯಾಟರಿ ಆದ್ರೆ ಒಂದು ಮುಚ್ಚಳಕ್ಕೆ 2 ವೋಲ್ಟ್. ಮೂರಿದ್ರೆ 6, ಆರಿದ್ರೆ 12. 6ರ ಎರಡು ಬ್ಯಾಟರಿಯಲ್ಲಿ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ ಸೇರಿದ್ರೆ ಅದೂ 12ರ ಗಾಡಿಯೇ. ಆದ್ರೆ ಬ್ಯಾಟರಿ ಒಂದನ್ನೇ ನಂಬಬೇಡಿ, ಹಿಂದಿನ ಯಜಮಾನ ಯಾವುದು ಸಿಕ್ತೋ ಅದನ್ನ ಕೂರಿಸಿರಬಹುದು. ಡೈನಮೋ, ಸೆಲ್ಫ್ ಮೋಟಾರ್, ಕಟೌಟ್ ಡಬ್ಬಿ ಮೇಲಿನ ತಗಡು ಒರೆಸಿ ಓದಿ. ಹೆಡ್‌ಲೈಟ್ ಬಲ್ಬಿನ ಬುಡದಲ್ಲೂ ಬರೆದಿರುತ್ತೆ. ಎಲ್ಲಾ ಒಂದೇ ಹೇಳಿದ್ರೆ ಮಾತ್ರ ನಂಬಿ.

ಮೀಟರ್ ಇದ್ರೆ ಇನ್ನೂ ಸುಲಭ. ತುಂಬಿದ 12ರ ಬ್ಯಾಟರಿ ನಿಂತಿದ್ದಾಗ 12.6ರ ಸುಮಾರು, 6ರದು 6.3. ಇಂಜಿನ್ ಓಡುವಾಗ 12ರ ಗಾಡಿ 13.8ರಿಂದ 14.4 ತೋರಿಸಬೇಕು. ಓಡುವಾಗಲೂ 12.2ರಲ್ಲೇ ನಿಂತಿದ್ರೆ ಚಾರ್ಜ್ ಆಗ್ತಿಲ್ಲ ಅಂತಲೇ ಲೆಕ್ಕ.

ಹುಡುಗ್ರು ಯೂಟ್ಯೂಬ್ ನೋಡಿ "ಹಳೇ ಟ್ರ್ಯಾಕ್ಟರ್ ಅಂದ್ರೆ 6 ವೋಲ್ಟು ಮಾವ" ಅಂತಾರೆ. ಅವರು ನೋಡಿರೋದು ಅಮೆರಿಕದ ಫೋರ್ಡ್ 8ಎನ್, 1947ರಿಂದ 52ರವರೆಗಿನ ಪೆಟ್ರೋಲ್ ಗಾಡಿ. ಅದು 6ರದು ನಿಜ, ಬಾಡಿಗೆ ಹೋಗೋದೂ ಪ್ಲಸ್ಸು. ಡೀಸೆಲ್ ಇಂಜಿನ್ನಿನ ಕಂಪ್ರೆಷನ್ ಜಾಸ್ತಿ, ಅದನ್ನ ತಿರುಗಿಸೋಕೆ ಸೆಲ್ಫಿಗೆ ಶಕ್ತಿ ಬೇಕು. ಅದಕ್ಕೇ ನಮ್ಮ ಕಡೆ ಡೀಸೆಲ್ ಗಾಡಿ ಸಾಮಾನ್ಯವಾಗಿ 12ರವು. ಹಾಗಂತ ಪ್ಲಸ್ ಬಾಡಿಗೆ ಹೋಗಿದೆಯಾ, ಮೈನಸ್ಸಾ ಅನ್ನೋದನ್ನ ನೋಡದೆ ಬಿಡಬೇಡಿ. ವಯರಿನ ಬಣ್ಣ ನಂಬಬೇಡಿ, ಬ್ಯಾಟರಿ ಮೇಲಿನ ಗುರುತು ನೋಡಿ. ಉಲ್ಟಾ ಹಚ್ಚಿದ್ರೆ ಆಲ್ಟರ್ನೇಟರ್ ಕಥೆ ಅಲ್ಲಿಗೇ ಮುಗೀತು.

ಈಗ ನನ್ನ ಗಾಡಿ ಮಡ್‌ಗಾರ್ಡಿನ ಒಳಗಡೆ ಬಿಳಿ ಪೇಂಟಲ್ಲಿ "12, ಮೈನಸ್ ಬಾಡಿ" ಅಂತ ಬರೆದಿದೀನಿ. ಮೀಟರ್ ಬೇಕಾದ ನಮ್ಮೂರಿನವರು ಬಂದು ತಗೊಂಡು ಹೋಗಿ, ಸಂಜೆಗೆ ವಾಪಸ್ ತಂದುಕೊಡಿ.