ನ್ಯೂಯಾರ್ಕ್ ಕೈಬಿಟ್ಟ ಸಾಲು ಕೋಲಾರಕ್ಕೆ ಬೇಕು

2024ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಸೇರಿದ್ದ ಜಗತ್ತಿನ ಮುಖಂಡರು ಒಂದು ರಾಜಕೀಯ ಘೋಷಣೆಗೆ ಒಪ್ಪಿಗೆ ಕೊಟ್ಟರು. ವಿಷಯ, ಆ್ಯಂಟಿಬಯೋಟಿಕ್‌ಗೆ ಬಗ್ಗದ ರೋಗಾಣುಗಳು. ಇದನ್ನೇ ಔಷಧ ನಿರೋಧಕತೆ ಅಥವಾ ಎಎಂಆರ್ ಎನ್ನುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಆ ಘೋಷಣೆಯ ಅಂಕಿಗಳನ್ನು ಬರೆದಿಟ್ಟುಕೊಂಡಿರುತ್ತೀರಿ. 2030ರ ಹೊತ್ತಿಗೆ ಇದಕ್ಕೆ ಸಂಬಂಧಿಸಿದ ಸಾವುಗಳನ್ನು ಶೇ 10ರಷ್ಟು ಇಳಿಸುವುದು, ಶೇ 60ರಷ್ಟು ದೇಶಗಳಲ್ಲಿ ಹಣ ಮೀಸಲಿಟ್ಟ ಕ್ರಿಯಾ ಯೋಜನೆ ಇರುವಂತೆ ನೋಡಿಕೊಳ್ಳುವುದು, ಅದಕ್ಕಾಗಿ 10 ಕೋಟಿ ಡಾಲರ್ ನೆರವು ಹೊಂದಿಸುವುದು.

ನಾವು ಬರೆದಿಟ್ಟುಕೊಳ್ಳದ ಇನ್ನೊಂದು ಅಂಕಿ ಇದೆ. ಘೋಷಣೆಯ ಮೊದಲ ಕರಡಿನಲ್ಲಿ, ಕೃಷಿ ಮತ್ತು ಆಹಾರ ಉತ್ಪಾದನೆಯಲ್ಲಿ ಇಂಥ ಔಷಧಗಳ ಬಳಕೆಯನ್ನು 2030ರೊಳಗೆ ಕನಿಷ್ಠ ಶೇ 30ರಷ್ಟು ಇಳಿಸಬೇಕು ಎಂಬ ಸಾಲು ಇತ್ತು. ಮಾತುಕತೆಯ ಹಂತದಲ್ಲಿ ಆ ಅಂಕಿ ಬಿದ್ದುಹೋಯಿತು. ಅಂತಿಮ ಪ್ರತಿಯಲ್ಲಿ ಉಳಿದಿದ್ದು, ಬಳಕೆಯನ್ನು ‘ಅರ್ಥಪೂರ್ಣವಾಗಿ’ ಇಳಿಸಲು ಶ್ರಮಿಸುತ್ತೇವೆ ಎಂಬ ಮಾತು ಮಾತ್ರ. ಎಷ್ಟು ಇಳಿಸಿದರೆ ಅರ್ಥಪೂರ್ಣ ಎಂದು ಯಾರೂ ಹೇಳಲಿಲ್ಲ.

ದೊಡ್ಡ ನಗರದಲ್ಲಿ ಕುಳಿತು ನೋಡಿದರೆ ಇದು ಸಣ್ಣ ತಿದ್ದುಪಡಿ. ಮಾಲೂರು ತಾಲ್ಲೂಕಿನ ಮಾಸ್ತಿ ಹೋಬಳಿಯಲ್ಲಿ ನಿಂತು ನೋಡಿದರೆ ನಮಗೆ ಸಂಬಂಧಿಸಿದ ಸಾಲೇ ಹೋಗಿದೆ. ಕೋಲಾರ ಜಿಲ್ಲೆ ಬದುಕುವುದು ಟೊಮೆಟೊ, ತರಕಾರಿ, ಹಾಲು, ರೇಷ್ಮೆ, ಕೋಳಿಗಳಿಂದ. ಇಲ್ಲಿ ಆ್ಯಂಟಿಬಯೋಟಿಕ್ ಆಸ್ಪತ್ರೆಗೆ ಮಾತ್ರ ಸೇರಿದ ವಸ್ತುವಲ್ಲ. ಅದು ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ, ದನದ ಕೊಟ್ಟಿಗೆಗೂ ಬರುತ್ತದೆ.

ಮೊದಲು ಸಮಸ್ಯೆಯ ಗಾತ್ರ ನೋಡೋಣ. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಜನ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತರು. ಅದರ ಪಾತ್ರವೂ ಇದ್ದ ಸಾವುಗಳನ್ನು ಸೇರಿಸಿದರೆ ಸಂಖ್ಯೆ 49.5 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಹೊರತಂದ ವರದಿಯಂತೆ, ಪ್ರಯೋಗಾಲಯದಲ್ಲಿ ದೃಢಪಟ್ಟ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರರಲ್ಲಿ ಒಂದು ಔಷಧಕ್ಕೆ ಬಗ್ಗುತ್ತಿಲ್ಲ. ಭಾರತ ಸೇರಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಇದು ಮೂರರಲ್ಲಿ ಒಂದು. ಹೆರಿಗೆ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ ಎಲ್ಲವೂ ಸೋಂಕು ತಗುಲಿದರೆ ವಾಸಿ ಮಾಡಬಹುದು ಎಂಬ ಧೈರ್ಯದ ಮೇಲೆ ನಿಂತಿವೆ. ಆ ಧೈರ್ಯವೇ ಕರಗುತ್ತಿದೆ.

ಟೊಮೆಟೊಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಈ ಬೆಳೆಗೆ ಬರುವ ದುಂಡಾಣು ಎಲೆಚುಕ್ಕೆಯಂಥ ರೋಗಗಳಿಗೆ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆಸಿದ ಪುಡಿಯನ್ನು ದೇಶದಾದ್ಯಂತ ಸಿಂಪಡಿಸುತ್ತ ಬಂದಿದ್ದಾರೆ. 6 ಗ್ರಾಂನ ಪೊಟ್ಟಣಗಳಲ್ಲಿ ಬರುವ ಇದು ತರಕಾರಿ ಬೆಳೆಯುವ ರೈತರಿಗೆ ಹೊಸದೇನಲ್ಲ. ಇದರಲ್ಲಿರುವ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಪತ್ತೆಯಾದ ಔಷಧ. ಕ್ಷಯಕ್ಕೆ ಮದ್ದಿಲ್ಲ ಎಂಬ ಕಾಲವನ್ನು ಕೊನೆಗಾಣಿಸಿದ್ದು ಅದೇ. ಇಂದಿಗೂ ಬೇರೆ ಮಾತ್ರೆಗಳಿಗೆ ಬಗ್ಗದ ಕೆಲವು ಕ್ಷಯ ರೋಗಿಗಳಿಗೆ ಅದು ಬೇಕಾಗುತ್ತದೆ. ಮನುಷ್ಯನಿಗೆ ಕೊನೆಯಲ್ಲಿ ಕೈಹಿಡಿಯಬೇಕಾದ ಮದ್ದನ್ನು ಗಿಡದ ಎಲೆಗೆ, ನೆಲಕ್ಕೆ, ಕೆರೆಗೆ ಹರಿಸುತ್ತಿದ್ದೇವೆ.

ಹೀಗೆ ಮಣ್ಣಿಗೆ, ನೀರಿಗೆ ಸೇರಿದ ಔಷಧಕ್ಕೆ ಅಲ್ಲಿನ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತಡೆದುಕೊಂಡವು ಉಳಿದು ಬೆಳೆಯುತ್ತವೆ. ತಡೆದುಕೊಳ್ಳುವ ಗುಣವನ್ನು ಅವು ಅಕ್ಕಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಗಿಡದ ಮೇಲೆ ಶುರುವಾದದ್ದು ಮನುಷ್ಯನ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ತಲುಪಲು ಅಡ್ಡಗೋಡೆ ಇಲ್ಲ. ಇನ್ನೊಂದು ನಷ್ಟವೂ ಇದೆ. ಬಿಳಿ ನೊಣ ಹರಡುವ ಎಲೆ ಮುದುರು ರೋಗಕ್ಕೆ ಕಾರಣ ವೈರಸ್. ಅಂಗಮಾರಿಯಂಥ ರೋಗಗಳಿಗೆ ಕಾರಣ ಶಿಲೀಂಧ್ರ. ಇವೆರಡಕ್ಕೂ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ರೋಗ ಯಾವುದೆಂದು ತಿಳಿಯದೆ ಸಿಂಪಡಿಸಿದರೆ ರೈತನ ದುಡ್ಡೂ ಹೋಯಿತು, ಔಷಧದ ಶಕ್ತಿಯೂ ಹೋಯಿತು.

ಈ ಔಷಧಗಳ ಇತಿಹಾಸದಲ್ಲಿ ಅಂತರರಾಷ್ಟ್ರೀಯ ಸಹಕಾರದ ಒಳ್ಳೆಯ ಅಧ್ಯಾಯವೂ ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತಕ್ಕೆ ಪೆನಿಸಿಲಿನ್ ಹೊರದೇಶದಿಂದ ಬರಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಎಂಬ ಸರ್ಕಾರಿ ಕಂಪನಿ ಹುಟ್ಟಿತು. ಬಡವರಿಗೂ ಮದ್ದು ಸಿಗಲಿ ಎಂದು ಜಗತ್ತು ಕೈಜೋಡಿಸಿದ ಕಾಲ ಅದು. ಮುಂದೆ ಬೆಳೆಗೆ ಹೊಡೆಯುವ ಸ್ಟ್ರೆಪ್ಟೋಸೈಕ್ಲಿನ್ ಪುಡಿಯನ್ನೂ ತಯಾರಿಸಿ ಮಾರಿದ್ದು ಅದೇ ಕಂಪನಿ. ಅಂದಿನ ತಿಳಿವಳಿಕೆಯಲ್ಲಿ ಇದು ರೈತರಿಗೆ ಉಪಕಾರವೆಂದೇ ಕಂಡಿತ್ತು. ಹಾಗಾಗಿ ರೈತರನ್ನು ಅಪರಾಧಿಗಳಂತೆ ಕಾಣುವುದು ಸರಿಯಲ್ಲ. ಅವರು ಬಳಸಿದ್ದು ಸರ್ಕಾರವೇ ಅನುಮತಿ ಕೊಟ್ಟಿದ್ದ ವಸ್ತುವನ್ನು. ಅಂದು ಮದ್ದನ್ನು ಮುಟ್ಟಿಸಲು ಬೇಕಾಗಿದ್ದ ಸಹಕಾರ ಇಂದು ಮದ್ದನ್ನು ಉಳಿಸಿಕೊಳ್ಳಲು ಬೇಕಾಗಿದೆ.

ಆಹಾರ ಉತ್ಪಾದನೆಯಲ್ಲಿ ಬಳಕೆ ಇಳಿಸುವುದು ಆಗದ ಕೆಲಸವೇ? ಆಗುತ್ತದೆ ಎನ್ನಲು ಉದಾಹರಣೆಗಳಿವೆ. ಕೊಲಿಸ್ಟಿನ್ ಎಂಬುದು ಬೇರೆಲ್ಲ ಔಷಧಗಳು ಸೋತಾಗ ಐಸಿಯುನಲ್ಲಿ ಕೊಡುವ ಮದ್ದು. ಇದನ್ನು ಕೋಳಿ, ಹಂದಿಗಳ ಆಹಾರಕ್ಕೆ ಬೆರೆಸುವ ರೂಢಿಯೂ ಹಲವು ದೇಶಗಳಲ್ಲಿತ್ತು. ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ಜೀನ್ ಪತ್ತೆಯಾಗಿದೆ ಎಂದು ಚೀನಾದ ವಿಜ್ಞಾನಿಗಳು 2015ರ ನವೆಂಬರ್‌ನಲ್ಲಿ ಜಗತ್ತಿಗೆ ತಿಳಿಸಿದರು. ಬೇರೆ ದೇಶಗಳೂ ಹುಡುಕಿದಾಗ ಅಲ್ಲೂ ಅದು ಸಿಕ್ಕಿತು. ಚೀನಾ ಪ್ರಾಣಿಗಳ ಬೆಳವಣಿಗೆಗಾಗಿ ಕೊಲಿಸ್ಟಿನ್ ಕೊಡುವುದನ್ನು ನಿಲ್ಲಿಸಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನು ನಿಷೇಧಿಸಿತು. ಒಂದು ದೇಶ ಮಾಹಿತಿ ಮುಚ್ಚಿಡದೆ ಹಂಚಿಕೊಂಡಿದ್ದಕ್ಕೆ ಇನ್ನೊಂದು ದೇಶ ನಾಲ್ಕು ವರ್ಷದೊಳಗೆ ಕಾನೂನು ಮಾಡಿತು. ಅಂತರರಾಷ್ಟ್ರೀಯ ಸಹಕಾರ ಎಂದರೆ ಇದು.

ನೆದರ್‌ಲ್ಯಾಂಡ್ಸ್‌ನಲ್ಲಿ 2009ರ ನಂತರದ ಹತ್ತು ವರ್ಷಗಳಲ್ಲಿ ಪಶುಗಳಿಗೆ ಕೊಡುವ ಆ್ಯಂಟಿಬಯೋಟಿಕ್ ಮಾರಾಟ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಹೈನುಗಾರಿಕೆಗೆ ಹೆಸರಾದ ದೇಶ ಇಂದಿಗೂ ಹೈನುಗಾರಿಕೆಯಲ್ಲೇ ಇದೆ. ಯುರೋಪಿಯನ್ ಒಕ್ಕೂಟ 2006ರಿಂದಲೇ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಬಳಸುವುದನ್ನು ನಿಲ್ಲಿಸಿದೆ. ತನಗೆ ಮಾಂಸ, ಮೀನು, ಹಾಲಿನ ಉತ್ಪನ್ನ ಮಾರುವ ಹೊರದೇಶಗಳಿಗೂ 2026ರ ಸೆಪ್ಟೆಂಬರ್ 3ರಿಂದ ಅದೇ ಷರತ್ತು ಹಾಕುವ ನಿಯಮ ಮಾಡಿದೆ. ನ್ಯೂಯಾರ್ಕ್ ಕೈಬಿಟ್ಟ ಸಾಲು ಹೀಗೆ ಮಾರುಕಟ್ಟೆಯ ಬಾಗಿಲಿನಿಂದ ಒಳಗೆ ಬರುತ್ತಿದೆ. ಸಿದ್ಧರಾಗದವರಿಗೆ ಆ ಬಾಗಿಲು ಮುಚ್ಚುತ್ತದೆ.

ಸಹಕಾರವೆಂದರೆ ಯಾವಾಗಲೂ ಅಲ್ಲಿಂದ ಇಲ್ಲಿಗೆ ಬರುವ ಉಪದೇಶ ಎಂದೂ ತಿಳಿಯಬೇಕಿಲ್ಲ. ಹಸುಗಳ ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಮದ್ದನ್ನು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಅದನ್ನು ಹಾಲು ಒಕ್ಕೂಟಗಳ ಮೂಲಕ ರೈತರಿಗೆ ಕಲಿಸುತ್ತಿದೆ. ಆ್ಯಂಟಿಬಯೋಟಿಕ್ ಕಡಿಮೆ ಮಾಡಲು ದಾರಿ ಹುಡುಕುತ್ತಿದ್ದ ನೆದರ್‌ಲ್ಯಾಂಡ್ಸ್‌ನ ಪಶುವೈದ್ಯರು ಇದನ್ನು ಕಲಿಯಲು ಇಲ್ಲಿಗೆ ಬಂದಿದ್ದಾರೆ. ಹೊಸ ಔಷಧ ಹುಡುಕುವ ಬೆಂಗಳೂರಿನ ಬಗ್‌ವರ್ಕ್ಸ್ ಕಂಪನಿಗೆ ಕಾರ್ಬ್-ಎಕ್ಸ್ ಎಂಬ ಅಂತರರಾಷ್ಟ್ರೀಯ ನಿಧಿಯಿಂದ ಹಣ ಬಂದಿದೆ. ನಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲೇ ಈ ಕೆಲಸಗಳು ನಡೆಯುತ್ತಿವೆ.

ಹಾಗಾದರೆ ಕೊಂಡಿ ಎಲ್ಲಿ ತಪ್ಪುತ್ತಿದೆ? ದೆಹಲಿಯಲ್ಲಿ ಯೋಜನೆಗಳಿಗೆ ಕೊರತೆಯಿಲ್ಲ. 2017ರಲ್ಲಿ ಮೊದಲ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. 2025ರ ನವೆಂಬರ್‌ನಲ್ಲಿ ಎರಡನೆಯದೂ ಬಂತು. ಬೆಳೆಗಳಿಗೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಬಳಸುವುದು 2024ರ ಜನವರಿ 1ರಿಂದ ಪೂರ್ತಿ ನಿಲ್ಲಬೇಕೆಂದು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಕರಡು ಆದೇಶ ಹೊರಡಿಸಿತ್ತು. ಆದರೆ ಕೃಷಿ, ಪಶುಸಂಗೋಪನೆ, ಸಾರ್ವಜನಿಕ ಆರೋಗ್ಯ ಮೂರೂ ರಾಜ್ಯ ಪಟ್ಟಿಯಲ್ಲಿವೆ. ಆದೇಶ ದೆಹಲಿಯದಾದರೂ ಕೆಲಸ ಆಗಬೇಕಾದದ್ದು ಹೋಬಳಿಯಲ್ಲಿ. ಕೇರಳ 2018ರಲ್ಲೇ ದೇಶದಲ್ಲಿ ಮೊದಲನೆಯದಾಗಿ ತನ್ನದೇ ಕ್ರಿಯಾ ಯೋಜನೆ ಮಾಡಿಕೊಂಡು, ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಮೆಡಿಕಲ್ ಸ್ಟೋರ್‌ಗಳ ಮೇಲೆ ಕಣ್ಣಿಟ್ಟಿದೆ. ಕಾಸರಗೋಡಿನ ಕನ್ನಡಿಗರು ಈ ವ್ಯವಸ್ಥೆಯೊಳಗೇ ಇದ್ದಾರೆ. ಆಂಧ್ರಪ್ರದೇಶವೂ 2022ರಲ್ಲಿ ಯೋಜನೆ ಪ್ರಕಟಿಸಿತು.

ಕೋಲಾರಕ್ಕೆ ಇದು ಇನ್ನೂ ಮುಖ್ಯ, ಏಕೆಂದರೆ ನಾವು ಮೂರು ರಾಜ್ಯಗಳು ಸೇರುವ ಮೂಲೆಯವರು. ಮಾಸ್ತಿಯ ಆಚೆಗೆ ತಮಿಳುನಾಡು, ಮುಳಬಾಗಿಲು, ಶ್ರೀನಿವಾಸಪುರ ದಾಟಿದರೆ ಆಂಧ್ರ. ತರಕಾರಿ, ಕೋಳಿ, ದನ, ಔಷಧಿ ಎಲ್ಲವೂ ದಿನಾ ಗಡಿ ದಾಟುತ್ತವೆ. ಇಲ್ಲಿ ನಿಷೇಧಿಸಿದ ಪೊಟ್ಟಣ ಅಲ್ಲಿ ಸಿಕ್ಕರೆ ನಿಷೇಧಕ್ಕೆ ಬೆಲೆಯಿಲ್ಲ. ದೇಶ ದೇಶಗಳ ನಡುವಿನ ಕಷ್ಟ ಕೋಲಾರ, ಕೃಷ್ಣಗಿರಿ, ಚಿತ್ತೂರು ಜಿಲ್ಲೆಗಳ ನಡುವೆಯೂ ಇದೆ. ಮೂರು ಜಿಲ್ಲಾಡಳಿತಗಳು ವರ್ಷಕ್ಕೆರಡು ಬಾರಿ ಒಟ್ಟಿಗೆ ಕೂತು ಮಾತನಾಡುವುದಕ್ಕೆ ವಿಶ್ವಸಂಸ್ಥೆಯ ಅಪ್ಪಣೆ ಬೇಕಿಲ್ಲ.

ನೀರಿನ ವಿಷಯವನ್ನೂ ಬಿಡುವಂತಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಬತ್ತಿದ ಕೆರೆಗಳು ತುಂಬಿದ್ದು ನಿಜ, ಅದರಿಂದ ಕೊಳವೆಬಾವಿಗಳಿಗೆ ಜೀವ ಬಂದಿದ್ದೂ ನಿಜ. ಆದರೆ ನಗರದ ಕೊಳಚೆಯಲ್ಲಿ ಆ್ಯಂಟಿಬಯೋಟಿಕ್ ಉಳಿಕೆಗಳೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಇರುತ್ತವೆ, ಸಾಮಾನ್ಯ ಸಂಸ್ಕರಣೆಯಿಂದ ಅವು ಪೂರ್ತಿ ಹೋಗುವುದಿಲ್ಲ ಎಂಬುದು ಜಗತ್ತಿನ ಹಲವೆಡೆ ಕಂಡುಬಂದ ಸಂಗತಿ. ಮೂರನೇ ಹಂತದ ಶುದ್ಧೀಕರಣಕ್ಕೆ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಎಎಂಆರ್ ಆ ಬೇಡಿಕೆಗೆ ಇನ್ನೊಂದು ಬಲವಾದ ಕಾರಣ. ಕೆರೆಗಳ ನೀರನ್ನು ಈ ದೃಷ್ಟಿಯಿಂದಲೂ ಪರೀಕ್ಷಿಸಿ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯಲ್ಲಿ ತೂಗುಹಾಕಲಿ.

ಉಳಿದ ಬೇಡಿಕೆಗಳೂ ದೊಡ್ಡವೇನಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ರೋಗ ಬಿದ್ದ ಎಲೆ ತಂದರೆ ಅದು ವೈರಸ್ಸೋ, ಶಿಲೀಂಧ್ರವೋ, ದುಂಡಾಣುವೋ ಎಂದು ಎರಡು ದಿನದಲ್ಲಿ ಹೇಳುವ ವ್ಯವಸ್ಥೆ ಬೇಕು. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ತೋಟಗಾರಿಕೆ ಕಾಲೇಜೂ ಇವೆ. ಇವನ್ನು ಹೋಬಳಿಗೆ ಜೋಡಿಸಿದರೆ ಸಾಕು. ಇಂದು ಈ ಪ್ರಶ್ನೆಗೆ ಉತ್ತರ ಹೇಳುತ್ತಿರುವುದು ಔಷಧಿಯನ್ನು ಉದ್ರಿ ಕೊಡುವ ಅಂಗಡಿಯವರು. ಹಾಗೆಯೇ ಹಸುವಿಗೆ ಆ್ಯಂಟಿಬಯೋಟಿಕ್ ಕೊಟ್ಟಾಗ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು. ಎರಡು ಹಸು ಇಟ್ಟುಕೊಂಡ ಮನೆಗೆ ಅಷ್ಟು ದಿನದ ಹಾಲು ಚೆಲ್ಲುವುದೆಂದರೆ ಆ ವಾರದ ಸಂತೆಯ ದುಡ್ಡು ಹೋದಂತೆ. ಸುಮ್ಮನೆ ನಿಯಮ ಹೇಳಿದರೆ ಯಾರೂ ಪಾಲಿಸಲಾರರು. ಹಾಲು ಒಕ್ಕೂಟ ಆ ದಿನಗಳಿಗೆ ಸಣ್ಣ ಪರಿಹಾರ ಕೊಟ್ಟರೆ ಪಾಲಿಸುತ್ತಾರೆ.

ಓದುತ್ತಿರುವ, ಕೆಲಸ ಹುಡುಕುತ್ತಿರುವ ನಮಗೆ ಇದರಲ್ಲಿ ಪಾಲಿದೆ. ಬಿ.ಎಸ್ಸಿ ಸೂಕ್ಷ್ಮಜೀವವಿಜ್ಞಾನ, ಬಿ.ಫಾರ್ಮ, ಪಶುವೈದ್ಯಕೀಯ, ತೋಟಗಾರಿಕೆ ಓದಿದವರಿಗೆ ಜಿಲ್ಲೆಯೊಳಗೆ ಕೆಲಸ ಸಿಗುವುದಿಲ್ಲ ಎಂದು ಬೆಂಗಳೂರಿನ ರೈಲು ಹತ್ತುತ್ತೇವೆ. ಮೇಲೆ ಹೇಳಿದ ಒಂದೊಂದು ಬೇಡಿಕೆಗೂ ತಾಲ್ಲೂಕಿಗೊಂದು ಪ್ರಯೋಗಾಲಯ, ಅದರಲ್ಲಿ ನಾಲ್ಕಾರು ಜನ ಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ನಾಲ್ಕು ಅಂತರರಾಷ್ಟ್ರೀಯ ಸಂಸ್ಥೆಗಳು ಎಎಂಆರ್ ಕುರಿತು ಯುವಜನರ ಕಾರ್ಯತಂಡವೊಂದನ್ನು 2023ರಲ್ಲಿ ರಚಿಸಿವೆ. ಅಲ್ಲಿಗೆ ತಲುಪುವವರು ಕೆಲವರು ಮಾತ್ರ. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಕೆರೆಯ ನೀರಿನ ವರದಿ ಎಲ್ಲಿ, ಆ 6 ಗ್ರಾಂ ಪೊಟ್ಟಣ ಇನ್ನೂ ಏಕೆ ಸಿಗುತ್ತಿದೆ ಎಂದು ಕೇಳಲು ಎಲ್ಲರಿಗೂ ಹಕ್ಕಿದೆ. ಶೇ 30 ಎಂಬ ಅಂಕಿಯನ್ನು ನ್ಯೂಯಾರ್ಕ್ ಬಿಟ್ಟಿರಬಹುದು. ಅದನ್ನು ನಮ್ಮ ಜಿಲ್ಲೆಯ ಗುರಿಯಾಗಿ ಬರೆದುಕೊಳ್ಳಬೇಡಿ ಎಂದು ಯಾರೂ ಹೇಳಿಲ್ಲ.