ಹಾಡಿನ ಹಿಂದೆ ಗುಂಯ್ ಎನ್ನುವುದು ಯಾರು?

ಸ್ಟೀರಿಯೋ ಹಚ್ಚಿ ಮಲ್ಲಿಕಾರ್ಜುನ ಮನಸೂರರನ್ನು ಕೇಳಲು ಕೂತಿದ್ದೀರಿ. ತಂಬೂರಿ ಶುರುವಾಗುವ ಮೊದಲೇ ಸ್ಪೀಕರಿನಿಂದ 'ಗುಂಯ್' ಎಂಬ ಸದ್ದು. ಎರಡು ತಂಬೂರಿಗಳ ನಡುವೆ ಶ್ರುತಿ ಸೇರದ ಮೂರನೆಯದೊಂದು ಬಂದು ಕೂತ ಹಾಗೆ. ಆಂಪ್ಲಿಫಯರ್ ಕೆಟ್ಟಿತೆಂದು ಚೀಲಕ್ಕೆ ಹಾಕಿ ರಿಪೇರಿ ಅಂಗಡಿಗೆ ಒಯ್ಯುತ್ತೀರಿ. ಅಲ್ಲಿ ಅದು ಸಭ್ಯವಾಗಿ ಹಾಡುತ್ತದೆ. ಮನೆಗೆ ತಂದರೆ ಮತ್ತೆ ಗುಂಯ್! ಎಷ್ಟೋ ಸಲ ರೋಗ ಪೆಟ್ಟಿಗೆಯದಲ್ಲ, ಮನೆಯದು.

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಆ ಓಲಾಟ ಹಾಡಿನ ದಾರಿಯೊಳಗೆ ನುಸುಳಿದರೆ ಕೇಳುವುದೇ ಈ ಗುಂಯ್. ಎಲ್ಲಿ ನುಸುಳಿತು ಎಂದು ಪತ್ತೆ ಮಾಡಲು ಕಾಸು ಖರ್ಚಿಲ್ಲ. ವಾಲ್ಯೂಮನ್ನು ಸೊನ್ನೆಗೆ ತನ್ನಿ. ಸದ್ದು ಹಾಗೆಯೇ ಇದ್ದರೆ ಬಹುತೇಕ ಆಂಪ್ಲಿಫಯರಿನ ಒಳಗಿನ ಕೆಪಾಸಿಟರುಗಳು ಮುದಿಯಾಗಿವೆ. ಅದು ಅಂಗಡಿಯವರ ಕೆಲಸ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಮುಚ್ಚಳ ಬಿಚ್ಚುವ ಸಾಹಸ ಬೇಡ. ವಾಲ್ಯೂಮಿನ ಜೊತೆ ಸದ್ದೂ ಏರಿಳಿದರೆ ಕಳ್ಳ ಹೊರಗಿನವನು. ಸ್ವಿಚ್ ಆರಿಸಿ, ಹಿಂದೆ ಚುಚ್ಚಿದ ಕೇಬಲ್ಲುಗಳನ್ನೆಲ್ಲ ತೆಗೆಯಿರಿ. ಆಮೇಲೆ ಒಂದೊಂದೇ ಸೇರಿಸುತ್ತಾ ಕೇಳಿ. ರೆಕಾರ್ಡ್ ಪ್ಲೇಯರ್ ಸೇರಿಸಿದಾಗ ಶುರುವಾದರೆ, ಅದರ ಜೊತೆ ಬಂದ ತೆಳ್ಳನೆಯ ಒಂಟಿ ತಂತಿಯನ್ನು ಆಂಪ್ಲಿಫಯರಿನ ಹಿಂದಿರುವ ತಿರುಪಿಗೆ ಬಿಗಿದಿದ್ದೀರಾ ನೋಡಿ. ಆ ತಂತಿ ಯಾತಕ್ಕೆಂದು ತಿಳಿಯದೆ ಕತ್ತರಿಸಿ ಎಸೆದವರೂ ಉಂಟು.

ಟಿ.ವಿ.ಯನ್ನು ಸ್ಟೀರಿಯೋಗೆ ಜೋಡಿಸಿದ ಮನೆಗಳಲ್ಲಿ ನನ್ನ ಅನುಮಾನ ಮೊದಲು ಹೋಗುವುದು ಕೇಬಲ್ಲಿನವರ ತಂತಿಯ ಮೇಲೆ. ಆ ತಂತಿ ನೆಲ ಸೇರುವ ಜಾಗ ಒಂದು, ನಿಮ್ಮ ಮನೆಯ ಅರ್ತಿಂಗ್ ನೆಲ ಸೇರುವ ಜಾಗ ಇನ್ನೊಂದು. ಎರಡು ಕೆರೆಗಳ ಮಟ್ಟ ಒಂದೇ ಇದ್ದರೆ ನಡುವಿನ ಕಾಲುವೆಯಲ್ಲಿ ನೀರು ನಿಂತಿರುತ್ತದೆ. ತುಸು ಏರುಪೇರಾದರೂ ಹರಿಯುತ್ತದೆ. ಇಲ್ಲಿ ಹರಿಯುವುದು ವಿದ್ಯುತ್ತು, ಕಾಲುವೆ ನಿಮ್ಮ ಆಡಿಯೋ ಕೇಬಲ್ಲು. ಟಿ.ವಿ.ಗೆ ಬರುವ ಆ ತಂತಿಯನ್ನು ಒಂದು ಕ್ಷಣ ಕಿತ್ತು ನೋಡಿ. ಗುಂಯ್ ನಿಂತರೆ ಅಪರಾಧಿ ಸಿಕ್ಕ. ಅದರ ದಾರಿಯಲ್ಲಿ ಹಾಕುವ ಐಸೊಲೇಟರ್ ಎಂಬ ಸಣ್ಣ ಬಿಡಿಭಾಗ ಸಿಗುತ್ತದೆ. ಟಿ.ವಿ., ಪ್ಲೇಯರ್, ಆಂಪ್ಲಿಫಯರ್ ಮೂರನ್ನೂ ಒಂದೇ ಬೋರ್ಡಿಗೆ ಚುಚ್ಚಿದರೂ ಎಷ್ಟೋ ಕಡಿಮೆಯಾಗುತ್ತದೆ.

ಇಲ್ಲಿಯೇ ಕೆಲವರು ಒಂದು 'ಸುಲಭ ಉಪಾಯ' ಹೇಳಿಕೊಡುತ್ತಾರೆ: ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ತೆಗೆದುಬಿಡಿ. ಸದ್ದು ನಿಲ್ಲುವುದು ನಿಜ. ಆದರೆ ಆ ಪಿನ್ ಇರುವುದು ಹಾಡಿಗಾಗಿ ಅಲ್ಲ, ಜೀವಕ್ಕಾಗಿ. ಒಳಗೆ ಫೇಸ್ ತಂತಿ ಸಡಿಲಿ ಲೋಹದ ಪೆಟ್ಟಿಗೆಗೆ ತಾಗಿದ ದಿನ, ಒರೆಸಲು ಹಸಿ ಬಟ್ಟೆ ಹಿಡಿದು ಬಂದವರ ಗತಿ ಏನು? ಇನ್ನು ಕೆಲವು ವೈರಮನ್‌ಗಳು ಸಾಕೆಟ್ಟಿನೊಳಗೆ ಅರ್ತನ್ನೂ ನ್ಯೂಟ್ರಲ್ಲನ್ನೂ ಗಂಟು ಹಾಕಿ 'ಆತ್ರೀ, ಅರ್ತಿಂಗ್ ಬಂತು' ಎಂದು ಹೊರಟುಬಿಡುತ್ತಾರೆ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫ್ರಿಜ್ಜು, ಸ್ಟೀರಿಯೋ ಎಲ್ಲದರ ಮೈಯೂ ಶಾಕ್ ಹೊಡೆಯುತ್ತದೆ. ಅಂಥ ಗಂಟು ಕಂಡರೆ ಅಂದೇ ಬಿಚ್ಚಿಸಿ, ಸರಿಯಾದ ಅರ್ತ್ ತಂತಿ ಎಳೆಸಿ.

ಮಾಡಬೇಕಾದ್ದು ಅರ್ತನ್ನು ಸರಿಪಡಿಸುವುದು. ನಮ್ಮ ಸೀಮೆಯಲ್ಲಿ ಇದು ತುಸು ಕಷ್ಟದ ಮಾತೇ. ಬಾದಾಮಿಯಲ್ಲಿ ಬಂಡೆಯ ಬುಡದ ಮನೆಗಳಿಗೆ ನಾಲ್ಕು ಗುದ್ದಲಿ ಹಾಕುವಷ್ಟರಲ್ಲಿ ಮರಳುಗಲ್ಲು ಸಿಕ್ಕೀತು. ಇಳಕಲ್ಲಿನ ಸುತ್ತ ಗ್ರಾನೈಟು. ಹುನಗುಂದದ ಎರೆಭೂಮಿ ಮಳೆಗಾಲದಲ್ಲಿ ಒಳ್ಳೆಯ ಅರ್ತ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ಸರಿದು ನಿಲ್ಲುತ್ತದೆ. ಶ್ರಾವಣದಲ್ಲಿ ಸುಮ್ಮನಿದ್ದ ಸ್ಟೀರಿಯೋ ಯುಗಾದಿಯ ಹೊತ್ತಿಗೆ ಗೊಣಗತೊಡಗಿದರೆ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ಇದ್ದಿಲು, ಉಪ್ಪು ತುಂಬಿದ ಗುಂಡಿಯೂ ತೇವವಿಲ್ಲದೆ ಕೆಲಸ ಮಾಡದು. ಮನೆಯ ಪಕ್ಕ ಬರೀ ಕಲ್ಲಿದ್ದರೆ ಬಚ್ಚಲ ನೀರು ಹರಿಯುವ ಮೆತ್ತನೆ ಜಾಗದಲ್ಲಿ ಗುಂಡಿ ತೆಗೆಸಿ, ಅಲ್ಲಿಂದ ದಪ್ಪ ತಂತಿ ಎಳೆಸಿ. ಹಳೇ ಬಾಗಲಕೋಟೆಯ ಅರ್ಧ ಊರು ಆಲಮಟ್ಟಿ ಹಿನ್ನೀರಿಗೆ ಹೋಗಿ ಜನ ನವನಗರಕ್ಕೆ ಬಂದರು. ಉಳಿದ ಹಳೆಯ ಮನೆಗಳಲ್ಲಿ ಎರಡೇ ತಂತಿಯ ವೈರಿಂಗ್ ಇದ್ದರೆ, ಮೂರು ತೂತಿನ ಸಾಕೆಟ್ ಕಂಡ ಮಾತ್ರಕ್ಕೆ ಅರ್ತ್ ಇದೆ ಎಂದು ನಂಬಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರಿಂದ ಮೀಟರ್ ಹಿಡಿಸಿ ನೋಡಿ.

ಎಲ್ಲ ಸದ್ದೂ ಗುಂಯ್ ಅಲ್ಲ. ಪಕ್ಕದಲ್ಲಿ ಪವರ್‌ಲೂಮ್ ಇದ್ದರೆ ಮೋಟಾರು ಹತ್ತಿ ಆರಿದಾಗ 'ಚಟ್' ಎನ್ನಬಹುದು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ 'ಜುಂಯ್' ಎನಿಸುತ್ತವೆ. ಒಂದೊಂದನ್ನೇ ಆರಿಸಿ ಪತ್ತೆ ಮಾಡಿ. ಕರೆಂಟು ಹೋದಾಗ ಮಾತ್ರ ಗುರುಗುಟ್ಟಿದರೆ ಅದು ಚೌಕ ಅಲೆಯ ಇನ್ವರ್ಟರಿನ ಕೊಡುಗೆ; ಸೈನ್‌ವೇವ್ ಇನ್ವರ್ಟರ್ ಬಂದ ಹೊರತು ಹೋಗದು. ಸ್ಪೈಕ್ ಗಾರ್ಡ್ ಕೊಂಡರೆ ಗುಂಯ್ ನಿಂತೀತು ಎಂದು ಅಂಗಡಿಯವರು ಹೇಳಿದರೆ ನಗುತ್ತಾ ಎದ್ದು ಬನ್ನಿ.

ಮನೆಯಲ್ಲಿ ಅಜ್ಜನ ಕಾಲದ 78ರ ತಟ್ಟೆಗಳಿದ್ದರೆ, ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಅವರ ಹಾಡೊಂದು ಅದರಲ್ಲಿದ್ದರಂತೂ, ಚರಚರ ಸದ್ದಿಗೆ ಆಂಪ್ಲಿಫಯರನ್ನು ಬೈಯಬೇಡಿ. ಅದು ತಟ್ಟೆಯದೇ. ಎಲ್‌ಪಿಯ ಸಣ್ಣ ಮುಳ್ಳು ತೆಗೆದು 78ಕ್ಕೆಂದೇ ಇರುವ ದಪ್ಪ ಮುಳ್ಳು ಹಾಕಿ, ಮೋನೋ ಸ್ವಿಚ್ ಇದ್ದರೆ ಒತ್ತಿ. ಉಳಿದ ಚರಚರವನ್ನು ಹಾಡಿನ ಜೊತೆಗೇ ಕೇಳಿ.